ಆಸ್ಪತ್ರೆಯ ಬಾಗಿಲಿಗೆ ಮತ್ತೆ ಮತ್ತೆ

ತುರ್ತು ಚಿಕಿತ್ಸಾ ವಿಭಾಗವೆಂದರೆ ಜೀವಮಾನದಲ್ಲಿ ಒಂದೋ ಎರಡೋ ಬಾರಿ, ಬೇರೆ ದಾರಿಯೇ ಇಲ್ಲದಾಗ ಕಾಲಿಡುವ ಜಾಗ ಎಂಬುದು ಸಾಮಾನ್ಯ ತಿಳಿವಳಿಕೆ. ರಸ್ತೆ ಅಪಘಾತ, ಹೃದಯಾಘಾತ, ಹಾವಿನ ಕಡಿತ ಇಂಥವು ನೆನಪಾಗುತ್ತವೆ. ಆದರೆ ಅಲ್ಲಿ ರಾತ್ರಿ ಪಾಳಿ ಮಾಡುವ ದಾದಿಯರನ್ನು ಕೇಳಿದರೆ ಅವರು ಹೇಳುವುದೇ ಬೇರೆ. ಕೆಲವು ಮುಖಗಳು ಅವರಿಗೆ ನೆರೆಮನೆಯವರಷ್ಟು ಪರಿಚಿತ. ಹೋದ ವಾರ ಉಬ್ಬಸವೆಂದು ಬಂದವನು ಈ ವಾರ ಎದೆನೋವೆಂದು ಬರುತ್ತಾನೆ. ಮುಂದಿನ ವಾರ ಮತ್ತೆ ಉಬ್ಬಸ. ಹೆಸರು, ವಯಸ್ಸು ಕೇಳಿ ಬರೆದುಕೊಳ್ಳುವ ಅಗತ್ಯವೇ ಇರುವುದಿಲ್ಲ.

ಅಮೆರಿಕದ ಆಸ್ಪತ್ರೆಗಳು ಇಂಥವರ ಲೆಕ್ಕವನ್ನು ಬಹುಕಾಲದಿಂದ ಇಡುತ್ತ ಬಂದಿವೆ. ವರ್ಷಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಬಂದವರನ್ನು ‘ಪದೇಪದೇ ಬರುವವರು’ ಎಂದು ಗುರುತಿಸುವುದು ಅಲ್ಲಿನ ವಾಡಿಕೆ. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ತುರ್ತು ವಿಭಾಗಕ್ಕೆ ಬರುವ ರೋಗಿಗಳಲ್ಲಿ ಇಂಥವರು ಶೇ. 4.5ರಿಂದ 8ರಷ್ಟು ಮಾತ್ರ. ಆದರೆ ಅಲ್ಲಿನ ಒಟ್ಟು ಭೇಟಿಗಳಲ್ಲಿ ಶೇ. 21ರಿಂದ 28ರಷ್ಟು ಇವರದೇ. ನೂರು ಜನರ ಸಾಲಿನಲ್ಲಿ ಐದಾರು ಮಂದಿ ಕಾಲು ಭಾಗದಷ್ಟು ಜಾಗವನ್ನು ಹಿಡಿದಂತೆ ಆಯಿತು.

ಇವರ ಬಗ್ಗೆ ಒಂದು ತಾತ್ಸಾರದ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ: ಮಾಡಲು ಕೆಲಸವಿಲ್ಲ, ಪುಕ್ಕಟೆ ಚಿಕಿತ್ಸೆ ಸಿಗುತ್ತದೆ, ಬಂದು ಕೂರುತ್ತಾರೆ ಎಂದು. ಅಂಕಿಅಂಶಗಳು ಈ ಮಾತಿಗೆ ಸಾಕ್ಷಿ ಹೇಳುವುದಿಲ್ಲ. ಅದೇ ವಿಮರ್ಶೆ ಕಂಡುಕೊಂಡಂತೆ ಇವರಲ್ಲಿ ಹೆಚ್ಚಿನವರಿಗೆ ಯಾವುದಾದರೊಂದು ವಿಮೆ ಇರುತ್ತದೆ. ಇತರ ರೋಗಿಗಳಿಗಿಂತ ಇವರು ನಿಜವಾಗಿಯೂ ಹೆಚ್ಚು ಕಾಯಿಲೆಯವರು. ಸಾಮಾನ್ಯ ವೈದ್ಯರ ಬಳಿಗೂ ಇವರು ಉಳಿದವರಿಗಿಂತ ಹೆಚ್ಚಾಗಿಯೇ ಹೋಗುತ್ತಾರೆ.

ಒಂದು ಕಾಯಿಲೆಯನ್ನೇ ತೆಗೆದುಕೊಂಡರೆ ಈ ಓಡಾಟ ಅರ್ಥವಾದೀತು. ಹೃದಯದ ಸ್ನಾಯು ದುರ್ಬಲವಾಗಿ ರಕ್ತವನ್ನು ಸಾಕಷ್ಟು ಒತ್ತಿ ಕಳಿಸದಿದ್ದಾಗ ಮೂತ್ರಪಿಂಡಗಳು ಮೋಸ ಹೋಗುತ್ತವೆ. ತಮಗೆ ಬರುವ ರಕ್ತ ಕಡಿಮೆಯಾದ್ದರಿಂದ ಮೈಯಲ್ಲಿ ನೀರೇ ಕಡಿಮೆಯಾಗಿದೆ ಎಂಬಂತೆ ವರ್ತಿಸಿ, ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಡುತ್ತವೆ. ಹಗಲೆಲ್ಲ ಆ ನೀರು ಕಾಲುಗಳಲ್ಲಿ ಇಳಿದು ಪಾದ ಊದಿಕೊಳ್ಳುತ್ತದೆ. ರಾತ್ರಿ ಮಲಗಿದಾಗ ಅದು ಮತ್ತೆ ರಕ್ತಕ್ಕೆ ಸೇರಿ ಶ್ವಾಸಕೋಶಗಳನ್ನು ತುಂಬುತ್ತದೆ. ನಡುರಾತ್ರಿ ಎರಡು ಗಂಟೆಗೆ ರೋಗಿ ಉಸಿರಿಗಾಗಿ ಎದ್ದು ಕೂರುತ್ತಾನೆ. ಆ ಹೊತ್ತಿನಲ್ಲಿ ಬಾಗಿಲು ತೆರೆದಿರುವುದು ತುರ್ತು ವಿಭಾಗ ಒಂದೇ. ಅಲ್ಲಿ ಆಮ್ಲಜನಕ ಕೊಟ್ಟು, ಮೂತ್ರ ಹೆಚ್ಚಿಸುವ ಔಷಧಿಯನ್ನು ನರಕ್ಕೆ ಚುಚ್ಚುತ್ತಾರೆ. ಎರಡು ಮೂರು ದಿನಗಳಲ್ಲಿ ಲೀಟರುಗಟ್ಟಲೆ ನೀರು ಇಳಿದು ರೋಗಿ ನಡೆದುಕೊಂಡೇ ಮನೆಗೆ ಹೋಗುತ್ತಾನೆ. ಮನೆಯಲ್ಲಿ ಅದೇ ಡಬ್ಬಿಯ ಉಪ್ಪುಪ್ಪು ಆಹಾರ, ಮುಗಿದುಹೋದ ಮಾತ್ರೆಯ ಪಟ್ಟಿ, ನೋಡಿಕೊಳ್ಳಲು ಯಾರೂ ಇಲ್ಲದ ಕೋಣೆ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ನಡುರಾತ್ರಿ ಎರಡು ಗಂಟೆ.

ಇಂಥವರನ್ನು ಹುಡುಕಿಕೊಂಡು ಹೋಗಿ ನೆರವಾದರೆ ಏನಾದೀತು? ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಊರು ಕ್ಯಾಮ್ಡೆನ್. ಅಲ್ಲಿ ನಡೆದುದು ವೈದ್ಯರಿಗೆ ಮಾತ್ರವಲ್ಲ, ಲೆಕ್ಕದಲ್ಲಿ ಆಸಕ್ತಿಯುಳ್ಳ ಎಲ್ಲರಿಗೂ ತಿಳಿದಿರಬೇಕಾದ ವಿಷಯ.

ಎರಡು ಕಟ್ಟಡಗಳು

ಕ್ಯಾಮ್ಡೆನ್ ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ಸಣ್ಣ ನಗರ. ಡೆಲವೇರ್ ನದಿಯ ಈ ದಡದಲ್ಲಿ ಕ್ಯಾಮ್ಡೆನ್, ಆ ದಡದಲ್ಲಿ ಫಿಲಡೆಲ್ಫಿಯ. ಒಂದು ಕಾಲಕ್ಕೆ ಅಲ್ಲಿ ಹಡಗು ಕಟ್ಟುತ್ತಿದ್ದರು, ಡಬ್ಬಿಗಳಲ್ಲಿ ಸೂಪ್ ತುಂಬುತ್ತಿದ್ದರು. ಗ್ರಾಮಫೋನಿನ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರ ಹಳಬರಿಗೆಲ್ಲ ನೆನಪಿದೆಯಷ್ಟೆ. ಅದೇ ನಾಯಿಯ ಗುರುತನ್ನು ಹಾಕಿ ಅಮೆರಿಕದಲ್ಲಿ ಗ್ರಾಮಫೋನ್ ಮಾರುತ್ತಿದ್ದ ವಿಕ್ಟರ್ ಕಂಪೆನಿಯ ತವರು ಇದೇ ಊರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಬಡತನ ಉಳಿಯಿತು, ಅದರ ಜೊತೆಗೆ ಅಪರಾಧವೂ.

ಜೆಫ್ರಿ ಬ್ರೆನ್ನರ್ ಆ ಊರಿನಲ್ಲಿ ದುಡಿಯುತ್ತಿದ್ದ ಕುಟುಂಬ ವೈದ್ಯ. ಅವರಿಗೆ ಮೊದಲು ಆಸಕ್ತಿ ಇದ್ದದ್ದು ಅಪರಾಧದ ವಿಷಯದಲ್ಲಿ. ನ್ಯೂಯಾರ್ಕಿನ ಪೊಲೀಸರು ಅಪರಾಧ ನಡೆದ ಜಾಗಗಳನ್ನು ನಕ್ಷೆಯ ಮೇಲೆ ಗುರುತಿಸಿ, ಚುಕ್ಕೆಗಳು ದಟ್ಟವಾದ ಕಡೆ ಗಸ್ತು ಹೆಚ್ಚಿಸುತ್ತಿದ್ದರು. ಕ್ಯಾಮ್ಡೆನ್ನಿನಲ್ಲಿಯೂ ಅಂಥ ನಕ್ಷೆ ಬೇಕೆಂದುಕೊಂಡ ಬ್ರೆನ್ನರ್, ಪೊಲೀಸರಿಂದ ಸಹಕಾರ ಸಿಗದೆ, ಊರಿನ ಮೂರು ಆಸ್ಪತ್ರೆಗಳ ಬಿಲ್ಲುಗಳ ದಾಖಲೆಯನ್ನು ಪಡೆದು ತಾವೇ ನಕ್ಷೆ ಮಾಡಲು ಕುಳಿತರು. ಪೆಟ್ಟು ತಿಂದವರು ಎಲ್ಲಿಯವರೆಂದು ಹುಡುಕಲು ಹೋದವರಿಗೆ ಕಂಡದ್ದು ಬೇರೆಯೇ.

ಊರಿನ ಆಸ್ಪತ್ರೆಗಳನ್ನು ಬಳಸಿಕೊಂಡವರು ಸುಮಾರು ಒಂದು ಲಕ್ಷ ಜನ. ಅವರಲ್ಲಿ ಶೇ. 1ರಷ್ಟು ಮಂದಿಯೇ ಒಟ್ಟು ವೆಚ್ಚದ ಶೇ. 30ರಷ್ಟಕ್ಕೆ ಕಾರಣರಾಗಿದ್ದರು. ನಕ್ಷೆಯಲ್ಲಿ ಎರಡು ಕಟ್ಟಡಗಳು ಎದ್ದು ಕಾಣುತ್ತಿದ್ದವು. 2002ರ ಜನವರಿಯಿಂದ 2008ರ ಜೂನ್‌ವರೆಗೆ ಆ ಎರಡು ಕಟ್ಟಡಗಳ ಸುಮಾರು 900 ನಿವಾಸಿಗಳು 4,000ಕ್ಕೂ ಹೆಚ್ಚು ಬಾರಿ ಆಸ್ಪತ್ರೆಗೆ ಹೋಗಿದ್ದರು. ಅವರ ಬಿಲ್ಲುಗಳ ಮೊತ್ತ ಸುಮಾರು 20 ಕೋಟಿ ಡಾಲರ್!

ಬ್ರೆನ್ನರ್ 2002ರಲ್ಲಿ ಕಟ್ಟಿದ ಸಂಸ್ಥೆ ‘ಕ್ಯಾಮ್ಡೆನ್ ಕೊಯಲಿಷನ್’. ಅದರ ವಿಧಾನ ಕೇಳಲು ಸರಳ. ಪದೇಪದೇ ಆಸ್ಪತ್ರೆ ಸೇರುವವರನ್ನು ದಾಖಲೆಯಿಂದಲೇ ಪತ್ತೆ ಹಚ್ಚುವುದು. ಒಬ್ಬ ದಾದಿ, ಒಬ್ಬ ಸಮಾಜ ಕಾರ್ಯಕರ್ತೆ, ಒಬ್ಬ ಆರೋಗ್ಯ ಕಾರ್ಯಕರ್ತ ಇರುವ ತಂಡ ರೋಗಿಯ ಹಾಸಿಗೆಯ ಬಳಿಯೇ ಹೋಗಿ ಪರಿಚಯ ಮಾಡಿಕೊಳ್ಳುವುದು. ಆತ ಮನೆಗೆ ಹೋದ ಮೇಲೆ ಮನೆಗೇ ಹೋಗಿ, ಮೇಜಿನ ಮೇಲೆ ಮಾತ್ರೆಗಳನ್ನೆಲ್ಲ ಸುರಿದು, ಯಾವುದು ಬೇಕು ಯಾವುದು ಬೇಡ ಎಂದು ಬೇರ್ಪಡಿಸಿಕೊಡುವುದು. ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವುದು. ಪಿಂಚಣಿ, ವಿಮೆ, ಬಾಡಿಗೆ ನೆರವಿನ ಅರ್ಜಿ ತುಂಬಿಸುವುದು. ಮದ್ಯ ಬಿಡಿಸುವ ಕೇಂದ್ರಕ್ಕೆ ಸೇರಿಸಲು ಯತ್ನಿಸುವುದು. ಹೀಗೆ ಸುಮಾರು ಮೂರು ತಿಂಗಳು. ನಮ್ಮಲ್ಲಾದರೆ ಮನೆಯ ಹಿರಿ ಮಗಳೋ ಸೊಸೆಯೋ ಹೆಸರಿಲ್ಲದೆ ಮಾಡುವ ಕೆಲಸ.

ಮೊದಲು ಆರಿಸಿಕೊಂಡ 36 ರೋಗಿಗಳ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ತಂಡದ ಆರೈಕೆಗೆ ಬರುವ ಮೊದಲು ಅವರೆಲ್ಲ ಸೇರಿ ತಿಂಗಳಿಗೆ ಸರಾಸರಿ 62 ಸಲ ಆಸ್ಪತ್ರೆಗೆ ಅಥವಾ ತುರ್ತು ವಿಭಾಗಕ್ಕೆ ಹೋಗುತ್ತಿದ್ದರು. ಬಂದ ಮೇಲೆ ಅದು 37ಕ್ಕೆ ಇಳಿಯಿತು. ಬಿಲ್ಲಿನ ಮೊತ್ತ ತಿಂಗಳಿಗೆ 12 ಲಕ್ಷ ಡಾಲರಿನಿಂದ ಐದು ಲಕ್ಷ ಚಿಲ್ಲರೆಗೆ ಬಂತು. ಅಂದರೆ ಅರ್ಧಕ್ಕಿಂತ ಹೆಚ್ಚು ಉಳಿತಾಯ. 2011ರಲ್ಲಿ ಭಾರತೀಯ ಮೂಲದ ಶಸ್ತ್ರವೈದ್ಯ ಹಾಗೂ ಲೇಖಕ ಅತುಲ್ ಗವಾಂಡೆ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಇದರ ಬಗ್ಗೆ ದೀರ್ಘ ಲೇಖನ ಬರೆದರು. ಕ್ಯಾಮ್ಡೆನ್ ದೇಶಕ್ಕೆಲ್ಲ ಮಾದರಿಯಾಯಿತು. 2013ರಲ್ಲಿ ಬ್ರೆನ್ನರ್‌ಗೆ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. ಹತ್ತಾರು ನಗರಗಳು ಇದೇ ಜಾಡಿನಲ್ಲಿ ಹೊರಟವು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಸಾಧನೆಯ ಕಥೆ. ಆದರೆ 62 ಹೋಗಿ 37 ಆದದ್ದು ಯಾವುದರಿಂದ?

ಗುಡ್ಡದ ತುದಿ

ಆ 36 ಜನರನ್ನು ಆರಿಸಿದ್ದು ಯಾವಾಗ ಎಂಬುದನ್ನು ಗಮನಿಸಬೇಕು. ಅವರು ಅತಿ ಹೆಚ್ಚು ಸಲ ಆಸ್ಪತ್ರೆಗೆ ಹೋಗುತ್ತಿದ್ದಾಗ! ಅದೇ ಅವರನ್ನು ಆರಿಸಲು ಕಾರಣ. ಕಾಯಿಲೆಯ ಹಾದಿ ಸಮತಟ್ಟಾದ ರಸ್ತೆಯಲ್ಲ. ಅದಕ್ಕೆ ಏರು ಇಳಿವುಗಳಿವೆ. ಒಂದು ಚಳಿಗಾಲ ಕೆಟ್ಟದಾಗಿ ಹೋಗುತ್ತದೆ, ಮುಂದಿನ ಬೇಸಿಗೆ ಪರವಾಗಿಲ್ಲ ಎನ್ನಿಸುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಮನೆ ಕಳೆದುಕೊಂಡವನಿಗೆ ತಂಗಿಯ ಮನೆಯಲ್ಲಿ ಜಾಗ ಸಿಗುತ್ತದೆ. ಕೆಲವರು ತೀರಿಕೊಳ್ಳುತ್ತಾರೆ. ಗುಡ್ಡದ ತುದಿಯಲ್ಲಿ ನಿಂತವನನ್ನು ಹಿಡಿದು, ಸ್ವಲ್ಪ ಹೊತ್ತಿನ ನಂತರ ನೋಡಿದರೆ ಆತ ಕೆಳಗೇ ಇರುತ್ತಾನೆ. ಯಾರಾದರೂ ಕೈಹಿಡಿದು ಇಳಿಸಿದರೂ ಅಷ್ಟೆ, ಇಳಿಸದಿದ್ದರೂ ಅಷ್ಟೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಒಂದು ಹೆಸರಿದೆ: ಸರಾಸರಿಯತ್ತ ಮರಳುವಿಕೆ. ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವನು ಚಾರ್ಲ್ಸ್ ಡಾರ್ವಿನ್ನನ ಸೋದರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್. ಆತ 928 ವಯಸ್ಕ ಮಕ್ಕಳ ಎತ್ತರವನ್ನೂ ಅವರ ತಂದೆತಾಯಿಗಳ ಎತ್ತರವನ್ನೂ ಹೋಲಿಸಿ 1886ರಲ್ಲಿ ಪ್ರಕಟಿಸಿದ. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿಯೇ ಇದ್ದರು, ಆದರೆ ಅಷ್ಟು ಎತ್ತರವಲ್ಲ. ತಂದೆತಾಯಿ ಸರಾಸರಿಗಿಂತ ಮೂರು ಅಂಗುಲ ಹೆಚ್ಚಿದ್ದರೆ ಮಕ್ಕಳು ಸರಾಸರಿಯಾಗಿ ಎರಡೇ ಅಂಗುಲ ಹೆಚ್ಚು. ಕುಳ್ಳ ತಂದೆತಾಯಿಗಳ ಮಕ್ಕಳದೂ ಇದೇ ಲೆಕ್ಕ, ಎದುರು ದಿಕ್ಕಿನಲ್ಲಿ. ಅತಿ ಎತ್ತರಕ್ಕೆ ಕಾರಣವಾದ ಹಲವು ಅಂಶಗಳು ಒಮ್ಮೆ ಒಟ್ಟಾಗಿ ಕೂಡಿಬಂದದ್ದು ಮತ್ತೊಮ್ಮೆ ಹಾಗೆಯೇ ಕೂಡಿಬರುವುದು ಅಪರೂಪ.

ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲೇ ಮಾಡಿ ನೋಡಬಹುದು. ಖರ್ಚೇನೂ ಇಲ್ಲ, ಹಾವು ಏಣಿ ಆಟದ ಎರಡು ದಾಳ ಸಾಕು. 36 ಮಕ್ಕಳು ಒಬ್ಬೊಬ್ಬರಾಗಿ ಎರಡೂ ದಾಳಗಳನ್ನು ಉರುಳಿಸಿ ಮೊತ್ತ ಬರೆದುಕೊಳ್ಳಲಿ. 10 ಅಥವಾ ಹೆಚ್ಚು ಬಂದವರು ಆರು ಮಂದಿ ಇರಬಹುದು, ಒಬ್ಬಿಬ್ಬರು ಹೆಚ್ಚು ಕಡಿಮೆ. ಆ ಆರು ಮಂದಿಯನ್ನು ‘ರೋಗಿಗಳು’ ಎಂದು ಕರೆದು ಒಂದೊಂದು ಲೋಟ ನೀರು ಕುಡಿಸಿ, ಮತ್ತೆ ದಾಳ ಉರುಳಿಸಲು ಹೇಳಿ. ಅವರ ಸರಾಸರಿ 7ರ ಆಸುಪಾಸಿಗೆ ಇಳಿದಿರುತ್ತದೆ. ಲೋಟ ನೀರಿನಿಂದ ‘ಕಾಯಿಲೆ’ ಮೂರನೆಯ ಒಂದು ಭಾಗದಷ್ಟು ಗುಣವಾಯಿತು ಎಂದು ಫಲಕ ಬರೆಸಬಹುದು! ದಾಳದಲ್ಲಿ ಎಲ್ಲವೂ ಅದೃಷ್ಟವೇ, ಆದ್ದರಿಂದ ಪೂರ್ತಿ ಸರಾಸರಿಗೇ ಮರಳುತ್ತದೆ. ಕಾಯಿಲೆಯಲ್ಲಿ, ಎತ್ತರದಲ್ಲಿ, ಅಂಕಪಟ್ಟಿಯಲ್ಲಿ ಅದೃಷ್ಟ ಸ್ವಲ್ಪ, ಸ್ವಭಾವ ಸ್ವಲ್ಪ; ಆದ್ದರಿಂದ ಮರಳುವುದೂ ಸ್ವಲ್ಪ ದೂರ ಮಾತ್ರ.

ಅಂಕಪಟ್ಟಿಯ ಮಾತು ಬಂದದ್ದರಿಂದ ತಂದೆತಾಯಿಗಳಿಗೆ ಒಂದು ಮಾತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ 35 ಬಂದ ಹುಡುಗನನ್ನು ಮರುದಿನವೇ ಟ್ಯೂಷನ್ನಿಗೆ ಸೇರಿಸುತ್ತಾರೆ. ವಾರ್ಷಿಕ ಪರೀಕ್ಷೆಯಲ್ಲಿ 50 ಬಂದರೆ ಟ್ಯೂಷನ್ನಿನ ಮಹಿಮೆ ಎನ್ನುತ್ತಾರೆ. ಇರಬಹುದು. ಆದರೆ 35 ಬಂದ ದಿನ ಹುಡುಗನಿಗೆ ಜ್ವರವಿದ್ದಿರಬಹುದು, ಓದದೆ ಬಿಟ್ಟ ಪಾಠದಿಂದಲೇ ಹೆಚ್ಚು ಪ್ರಶ್ನೆಗಳು ಬಂದಿರಬಹುದು. ಟ್ಯೂಷನ್ನಿಗೆ ಸೇರದಿದ್ದರೂ 45 ಬರುತ್ತಿತ್ತೇನೋ. ಅದನ್ನು ತಿಳಿಯುವ ಬಗೆ ಆ ಒಬ್ಬ ಹುಡುಗನ ಎರಡು ಅಂಕಗಳಲ್ಲಿ ಇಲ್ಲ. ಕಾಮಾಲೆಯ ನಾಟಿ ಔಷಧಿಗೆ ಇರುವ ಹೆಸರಿಗೂ ಬಹುಮಟ್ಟಿಗೆ ಇಂಥದೇ ಕಾರಣ. ಕಲುಷಿತ ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಣ್ಣು ಅತ್ಯಂತ ಹಳದಿಯಾದ ದಿನ ಔಷಧಿ ಕುಡಿದವರು ಮರುದಿನದಿಂದ ಸುಧಾರಿಸುವುದರಲ್ಲಿ ಆಶ್ಚರ್ಯವೇನು?

ಇಸ್ರೇಲಿನ ಮನೋವಿಜ್ಞಾನಿ ಡೇನಿಯಲ್ ಕಾನೆಮನ್, 2002ರ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಒಂದು ಪ್ರಸಂಗವನ್ನು ಹೇಳುತ್ತಿದ್ದರು. ವಾಯುಪಡೆಯ ತರಬೇತುದಾರರಿಗೆ ಅವರು ಪಾಠ ಹೇಳುತ್ತಿದ್ದಾಗ ಒಬ್ಬ ಅನುಭವಿ ಎದ್ದು ನಿಂತು ವಾದಿಸಿದನಂತೆ: ಚೆನ್ನಾಗಿ ಹಾರಿಸಿದ ಹುಡುಗನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಸರಿಪಡಿಸಿಕೊಳ್ಳುತ್ತಾನೆ, ಆದ್ದರಿಂದ ಬೈಗುಳವೇ ಮೇಲು. ಆತ ಕಂಡದ್ದು ನಿಜ. ಹೊಗಳಿಕೆಯ ನಂತರ ಇಳಿತ, ಬೈಗುಳದ ನಂತರ ಏರಿಕೆ. ಆದರೆ ಹೊಗಳಿಕೆಯನ್ನೂ ಬೈಗುಳವನ್ನೂ ತೆಗೆದುಹಾಕಿದರೂ ಆ ಏರಿಳಿತ ಹಾಗೆಯೇ ಇರುತ್ತಿತ್ತು. ಎಷ್ಟು ಮನೆಗಳಲ್ಲಿ, ಎಷ್ಟು ಶಾಲೆಗಳಲ್ಲಿ ಬೆತ್ತಕ್ಕೆ ಈ ಸುಳ್ಳು ಸಾಕ್ಷಿ ಬಲ ಕೊಟ್ಟಿದೆಯೋ ಲೆಕ್ಕ ಇಟ್ಟವರಿಲ್ಲ.

ಚೀಟಿ ಎತ್ತುವುದು

ಹಾಗಾದರೆ ಆರೈಕೆಯ ಫಲ ಎಷ್ಟು, ತಾನಾಗಿ ಇಳಿದದ್ದು ಎಷ್ಟು ಎಂದು ಬೇರ್ಪಡಿಸುವುದು ಹೇಗೆ? ದಾರಿ ಒಂದಿದೆ, ಹಳೆಯದೇ. 1940ರ ದಶಕದಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಬಂದಾಗ ಬ್ರಿಟನ್ನಿಗೆ ದೊರೆತದ್ದು ಸ್ವಲ್ಪವೇ. ಎಲ್ಲರಿಗೂ ಕೊಡಲಾಗದು. ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಒಂದು ಉಪಾಯ ಹೇಳಿದರು: ಯಾರಿಗೆ ಕೊಡಬೇಕೆಂಬುದನ್ನು ವೈದ್ಯರ ಮರ್ಜಿಗೆ ಬಿಡದೆ, ಚೀಟಿ ಎತ್ತಿದಂತೆ ಕೇವಲ ಆಕಸ್ಮಿಕಕ್ಕೆ ಬಿಡುವುದು. 55 ಜನರಿಗೆ ಔಷಧಿ ಮತ್ತು ಹಾಸಿಗೆ ವಿಶ್ರಾಂತಿ, 52 ಜನರಿಗೆ ಆಗಿನ ರೂಢಿಯಂತೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಸತ್ತವರು 4, ಎರಡನೆಯದರಲ್ಲಿ 14. ವಿಶ್ರಾಂತಿ ಮಾತ್ರ ಪಡೆದವರಲ್ಲೂ ಕೆಲವರು ಸುಧಾರಿಸಿದ್ದರು ಎಂಬುದು ಇಲ್ಲಿ ಮುಖ್ಯ. ಔಷಧಿಯ ನಿಜವಾದ ಬೆಲೆ ಆ ಎರಡು ಗುಂಪುಗಳ ನಡುವಿನ ಅಂತರದಲ್ಲಿ ಇದೆಯೇ ಹೊರತು, ಔಷಧಿ ತೆಗೆದುಕೊಂಡವರ ಮೊದಲಿನ ಮತ್ತು ನಂತರದ ಸ್ಥಿತಿಯಲ್ಲಿ ಅಲ್ಲ. 1948ರಲ್ಲಿ ಪ್ರಕಟವಾದ ಆ ಪ್ರಯೋಗ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಾಯಿಸಿತು.

ಬ್ರೆನ್ನರ್ ಮೆಚ್ಚಬೇಕಾದ ಮನುಷ್ಯ ಎನ್ನುವುದು ಇಲ್ಲಿಯೇ. ಹೊಗಳಿಕೆ, ಪ್ರಶಸ್ತಿ, ಹಣ ಎಲ್ಲ ಬಂದಿದ್ದ ಹೊತ್ತಿನಲ್ಲಿ ತಮ್ಮ ಯೋಜನೆಯನ್ನು ಈ ಒರೆಗಲ್ಲಿಗೆ ಹಚ್ಚಲು ಅವರು ಒಪ್ಪಿದರು. ಎಷ್ಟೋ ಜನ ಒಪ್ಪುವುದಿಲ್ಲ. ಪರೀಕ್ಷೆ ನಡೆಸಿದ್ದು ಎಂ.ಐ.ಟಿ.ಯ ಅರ್ಥಶಾಸ್ತ್ರಜ್ಞೆ ಏಮಿ ಫಿಂಕೆಲ್‌ಸ್ಟೀನ್ ಮತ್ತು ಸಂಗಡಿಗರು. ಬಡತನ ನಿವಾರಣೆಯ ಯೋಜನೆಗಳನ್ನು ಇದೇ ರೀತಿ ಪರೀಕ್ಷೆಗೊಡ್ಡುವ ‘ಜೆ-ಪಾಲ್’ ಎಂಬ ಕೇಂದ್ರದ ಉತ್ತರ ಅಮೆರಿಕ ಶಾಖೆಯ ಮೂಲಕ ಈ ಕೆಲಸ ನಡೆಯಿತು. 2019ರಲ್ಲಿ ನೊಬೆಲ್ ಹಂಚಿಕೊಂಡ ಕಲ್ಕತ್ತೆಯ ಅಭಿಜಿತ್ ಬ್ಯಾನರ್ಜಿ ಆ ಕೇಂದ್ರದ ಸ್ಥಾಪಕರಲ್ಲಿ ಒಬ್ಬರು.

2014ರಿಂದ 2017ರವರೆಗೆ 800 ರೋಗಿಗಳನ್ನು ಆರಿಸಲಾಯಿತು. ಎಲ್ಲರೂ ಆಗ ಆಸ್ಪತ್ರೆಯಲ್ಲಿದ್ದವರು, ಹಿಂದಿನ ಆರು ತಿಂಗಳಲ್ಲಿ ಕಡೇಪಕ್ಷ ಇನ್ನೊಮ್ಮೆ ಸೇರಿದ್ದವರು, ಹಲವು ಕಾಯಿಲೆಗಳ ಜೊತೆಗೆ ಹಲವು ಕಷ್ಟಗಳೂ ಇದ್ದವರು. ಅವರೆಲ್ಲರನ್ನೂ ನೋಡಿಕೊಳ್ಳುವಷ್ಟು ಕಾರ್ಯಕರ್ತರು ತಂಡದಲ್ಲಿ ಹೇಗೂ ಇರಲಿಲ್ಲ. ಆದ್ದರಿಂದ ಚೀಟಿ ಎತ್ತುವುದು ಅನ್ಯಾಯವೂ ಆಗಲಿಲ್ಲ. ಅರ್ಧದಷ್ಟು ಜನರಿಗೆ ತಂಡದ ಆರೈಕೆ, ಉಳಿದರ್ಧಕ್ಕೆ ಎಂದಿನ ಚಿಕಿತ್ಸೆ. ಮನೆಗೆ ಹೋದ 180 ದಿನಗಳೊಳಗೆ ಎಷ್ಟು ಜನ ಮತ್ತೆ ಆಸ್ಪತ್ರೆ ಸೇರುತ್ತಾರೆ ಎಂದು ನೋಡುವುದು ಗುರಿ.

ಫಲಿತಾಂಶ 2020ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಆರೈಕೆ ಪಡೆದವರಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಶೇ. 62.3. ಪಡೆಯದವರಲ್ಲಿ ಶೇ. 61.7. ವ್ಯತ್ಯಾಸವೇ ಇಲ್ಲ!

ಆರೈಕೆ ಪಡೆದ ಗುಂಪನ್ನು ಮಾತ್ರ ನೋಡಿ, ಸೇರುವುದಕ್ಕೆ ಮೊದಲಿನ ಆರು ತಿಂಗಳನ್ನೂ ನಂತರದ ಆರು ತಿಂಗಳನ್ನೂ ಹೋಲಿಸಿದ್ದರೆ ಶೇಕಡಾವಾರು ಲೆಕ್ಕದಲ್ಲಿ 38 ಅಂಶಗಳ ಭಾರೀ ಇಳಿಕೆ ಕಾಣುತ್ತಿತ್ತು. ಪತ್ರಿಕೆಗಳಲ್ಲಿ ಮತ್ತೊಮ್ಮೆ ದಪ್ಪಕ್ಷರದ ಸುದ್ದಿಯಾಗುತ್ತಿತ್ತು. ಆದರೆ ಯಾರೂ ಕೈಹಿಡಿಯದ ಆ ಇನ್ನೊಂದು ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಕೆ ಆಗಿತ್ತು. ಗುಡ್ಡದ ತುದಿಯಿಂದ ಎರಡೂ ಗುಂಪುಗಳು ಒಟ್ಟೊಟ್ಟಿಗೇ ಇಳಿದಿದ್ದವು.

ಇದಕ್ಕೆ ಮೊದಲೇ ಕೊಲರಾಡೊ ರಾಜ್ಯದ ಡೆನ್ವರ್ ನಗರದಿಂದ ಒಂದು ಸುಳಿವು ಸಿಕ್ಕಿತ್ತು. ಅಲ್ಲಿನ ಸಾರ್ವಜನಿಕ ಆಸ್ಪತ್ರೆಯೊಂದು ಅತಿ ಹೆಚ್ಚು ಚಿಕಿತ್ಸೆ ಬೇಡುವ ರೋಗಿಗಳ ಪಟ್ಟಿಯನ್ನು ತಿಂಗಳು ತಿಂಗಳೂ ಗಮನಿಸಿ 2015ರಲ್ಲಿ ಪ್ರಕಟಿಸಿತು. ಪಟ್ಟಿಯ ಉದ್ದ ಯಾವಾಗಲೂ ಹೆಚ್ಚುಕಡಿಮೆ ಒಂದೇ. ಆದರೆ ಅದರಲ್ಲಿರುವ ಹೆಸರುಗಳು ಬದಲಾಗುತ್ತಲೇ ಇದ್ದವು. ವರ್ಷದ ಆರಂಭದಲ್ಲಿ ಇದ್ದವರಲ್ಲಿ ಏಳು ತಿಂಗಳ ನಂತರ ಅರ್ಧಕ್ಕಿಂತ ಕಡಿಮೆ, ವರ್ಷದ ಕೊನೆಗೆ ಶೇ. 28ರಷ್ಟು ಜನ ಮಾತ್ರ ಉಳಿದಿದ್ದರು. ಬಸ್ ನಿಲ್ದಾಣದಲ್ಲಿ ಯಾವಾಗ ನೋಡಿದರೂ ಇನ್ನೂರು ಜನ ಇರುತ್ತಾರೆ. ಅದೇ ಇನ್ನೂರು ಜನ ಅಲ್ಲ, ಅಷ್ಟೆ.

ಕೈಹಿಡಿದು ಎಲ್ಲಿಗೆ?

ಹಾಗಾದರೆ ಆ ದಾದಿಯರೂ ಕಾರ್ಯಕರ್ತರೂ ಪಟ್ಟ ಶ್ರಮ ವ್ಯರ್ಥವೇ? ಅಷ್ಟು ಆತುರದ ತೀರ್ಮಾನವೂ ಸಲ್ಲದು. ಅದೇ ಪ್ರಯೋಗದ ದಾಖಲೆಗಳನ್ನು ಮುಂದೆ ಮತ್ತೆ ಪರಿಶೀಲಿಸಿದಾಗ, ಆರೈಕೆ ಪಡೆದವರು ಆಸ್ಪತ್ರೆಯಿಂದ ಹೊರಬಂದ ಮೇಲೆ ಹೊರರೋಗಿಗಳಾಗಿ ವೈದ್ಯರನ್ನು ಕಾಣುವುದು ಹೆಚ್ಚಾಗಿತ್ತೆಂದು ತಿಳಿದುಬಂತು. ತಂಡ ಮಾಡಬೇಕೆಂದುಕೊಂಡ ಕೆಲಸವನ್ನು ಮಾಡಿತ್ತು. ಆದರೆ ಆ ಕೆಲಸ ಆಸ್ಪತ್ರೆಯ ಬಾಗಿಲಿನವರೆಗಿನ ಓಡಾಟವನ್ನು ತಪ್ಪಿಸಲು ಸಾಲದಾಯಿತು. ಅಂದುಕೊಂಡಷ್ಟು ಬೇಗ ಮನೆಭೇಟಿಯೂ ವೈದ್ಯರ ಭೇಟಿಯೂ ಆದದ್ದು ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಜನರಿಗೆ. ಫೋನಿಲ್ಲದವನನ್ನು, ಇವತ್ತು ಒಂದು ಕಡೆ ನಾಳೆ ಒಂದು ಕಡೆ ಮಲಗುವವನನ್ನು ಹುಡುಕುವುದೇ ಒಂದು ಕೆಲಸ. ಬ್ರೆನ್ನರ್ ಸ್ವತಃ ಕೊಟ್ಟ ವಿವರಣೆಯ ಸಾರ ಇಷ್ಟು: ರೋಗಿಯ ಕೈಹಿಡಿದು ನಡೆಸಿಕೊಂಡು ಹೋದೆವು, ಆದರೆ ತಲುಪಿಸಲು ಜಾಗವೇ ಇರಲಿಲ್ಲ. ಮದ್ಯ ಬಿಡಿಸುವ ಕೇಂದ್ರದಲ್ಲಿ ಹಾಸಿಗೆ ಖಾಲಿ ಇಲ್ಲ, ಬಾಡಿಗೆಗೆ ನಿಲುಕುವ ಮನೆ ಇಲ್ಲ, ಮನೋರೋಗ ವೈದ್ಯರ ಸಮಯ ಸಿಗುವುದಿಲ್ಲ. ದಾರಿ ತೋರಿಸುವವನಿದ್ದು ಊರೇ ಇಲ್ಲದಂತೆ.

ಈ ವಿವರಣೆಯನ್ನು ಸಮಾಧಾನದ ಮಾತೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ದಾರಿ ತೋರಿಸುವುದರ ಬದಲು ರೋಗಿಗೆ ಬೇಕಾದ ಚಿಕಿತ್ಸೆಯನ್ನೇ ನೇರವಾಗಿ ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿಯೇ ಒಂದು ಸಾಕ್ಷಿ ಇದೆ. ತುರ್ತು ವಿಭಾಗಕ್ಕೆ ಎಲ್ಲರಿಗಿಂತ ಕ್ರಮಬದ್ಧವಾಗಿ, ವಾರ ವಾರವೂ ಬರುವ ಒಂದು ವರ್ಗದ ರೋಗಿಗಳು ಅಲ್ಲಿದ್ದಾರೆ. ಅವರ ಮೂತ್ರಪಿಂಡಗಳು ಪೂರ್ತಿ ಕೆಟ್ಟಿವೆ, ಮತ್ತು ಅವರು ಸರಿಯಾದ ದಾಖಲೆಪತ್ರಗಳಿಲ್ಲದೆ ನೆಲೆಸಿರುವ ವಲಸಿಗರು.

ಮೂತ್ರಪಿಂಡ ನಿಂತವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕು. ಅಮೆರಿಕದಲ್ಲಿ 1972ರ ಕಾನೂನಿನ ನಂತರ ಇದರ ವೆಚ್ಚವನ್ನು ಬಹುತೇಕ ಎಲ್ಲ ನಾಗರಿಕರಿಗೂ ಸರ್ಕಾರಿ ವಿಮೆಯೇ ಭರಿಸುತ್ತದೆ. ದಾಖಲೆಯಿಲ್ಲದವರಿಗೆ ಆ ವಿಮೆ ಇಲ್ಲ. ಆದರೆ 1986ರ ಇನ್ನೊಂದು ಕಾನೂನಿನಂತೆ, ತುರ್ತು ವಿಭಾಗಕ್ಕೆ ಬಂದವರು ಯಾರೇ ಆಗಲಿ, ಹಣವಿರಲಿ ಇಲ್ಲದಿರಲಿ, ಅವರನ್ನು ಪರೀಕ್ಷಿಸಿ ಜೀವಾಪಾಯವಿದ್ದರೆ ಚಿಕಿತ್ಸೆ ಕೊಡಲೇಬೇಕು. ಎರಡು ಕಾನೂನುಗಳ ನಡುವೆ ಸಿಕ್ಕಿಕೊಂಡವರಿಗೆ ಹಲವು ರಾಜ್ಯಗಳಲ್ಲಿ ಉಳಿದದ್ದು ಒಂದೇ ದಾರಿ: ಜೀವಾಪಾಯ ಬರುವವರೆಗೆ ಕಾಯುವುದು. ಮೂತ್ರದಲ್ಲಿ ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತ ಹೋಗುತ್ತದೆ. ಅದು ಒಂದು ಮಿತಿ ದಾಟಿದರೆ ಹೃದಯದ ಬಡಿತ ತಪ್ಪಿ ನಿಂತೇ ಹೋಗಬಹುದು. ಜೊತೆಗೆ ನೀರು ತುಂಬಿ ಉಸಿರಾಟ ಕಷ್ಟ. ಆ ಹಂತದಲ್ಲಿ ತುರ್ತು ವಿಭಾಗಕ್ಕೆ ಬಂದರೆ ರಕ್ತ ಪರೀಕ್ಷೆ. ‘ಸಾಕಷ್ಟು’ ಕೆಟ್ಟಿದ್ದರೆ ಡಯಾಲಿಸಿಸ್, ಇಲ್ಲದಿದ್ದರೆ ಮನೆಗೆ ಹೋಗಿ ಇನ್ನಷ್ಟು ಕೆಟ್ಟ ಮೇಲೆ ಬನ್ನಿ ಎಂಬ ಉತ್ತರ. ಹೀಗೆ ಸುಮಾರು ವಾರಕ್ಕೊಮ್ಮೆ, ವರ್ಷಗಟ್ಟಲೆ.

2015ರಲ್ಲಿ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ಇಂಥ 181 ರೋಗಿಗಳಿಗೆ ಖಾಸಗಿ ವಿಮೆ ಕೊಡಿಸುವ ಒಂದು ಅವಕಾಶ ಒದಗಿಬಂತು. 105 ಜನರಿಗೆ ಅದು ದೊರೆಯಿತು, 76 ಜನರಿಗೆ ದೊರೆಯಲಿಲ್ಲ. ಚೀಟಿ ಎತ್ತಿ ಮಾಡಿದ ವಿಂಗಡಣೆ ಅಲ್ಲವಾದರೂ ಹೋಲಿಸಲು ಒಂದು ಗುಂಪಂತೂ ಸಿಕ್ಕಿತು. ಒಂದು ವರ್ಷದ ನಂತರ ನೋಡಿದಾಗ, ಕ್ರಮವಾಗಿ ಡಯಾಲಿಸಿಸ್ ಪಡೆದವರ ತುರ್ತು ವಿಭಾಗದ ಭೇಟಿಗಳು, ಪಡೆಯದವರಿಗೆ ಹೋಲಿಸಿದರೆ, ತಲಾ ತಿಂಗಳಿಗೆ ಐದಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. ಆ ವರ್ಷ ವಿಮೆ ಸಿಕ್ಕವರಲ್ಲಿ ತೀರಿಕೊಂಡವರು ಶೇ. 3, ಸಿಗದವರಲ್ಲಿ ಶೇ. 17.

ಈ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಕೊಲರಾಡೊ ರಾಜ್ಯವು ಮೂತ್ರಪಿಂಡ ನಿಂತಿರುವುದನ್ನೇ ತುರ್ತು ಸ್ಥಿತಿಯೆಂದು ಪರಿಗಣಿಸಿ, ದಾಖಲೆಯಿಲ್ಲದವರಿಗೂ ವಾರಕ್ಕೆ ಮೂರು ಸಲ ಡಯಾಲಿಸಿಸ್ ಕೊಡಲು ಆರಂಭಿಸಿತು.